1:72 ಮಾರುತ್ ಕಿಟ್: ರೆಕ್ಕೆಯ ಬುಡದಲ್ಲಿ ಸಂದು, ಬಾಲ ಊರುವ ಭಯ. ಕಟ್ಟುವ ಕ್ರಮ ತಿಳಿಸಿ

ಗಾಳಿಪಟ_72

ದೇಶದಲ್ಲೇ ಹೊಸದಾಗಿ ಶುರುವಾದ ತಯಾರಕರೊಬ್ಬರ 1:72 (ನಿಜವಾದದ್ದರ 72ರಲ್ಲಿ ಒಂದು ಪಾಲು) ಅಳತೆಯ ಎಚ್‌ಎಫ್-24 ಮಾರುತ್ ಯುದ್ಧವಿಮಾನದ ಮಾದರಿ ಕಿಟ್ ಕೈಗೆತ್ತಿಕೊಂಡಿದ್ದೇನೆ. ಶಾರ್ಟ್ ರನ್ ಅಚ್ಚು, ಅಂದರೆ ಕಡಿಮೆ ಸಂಖ್ಯೆಯಲ್ಲಿ ತೆಗೆಯುವಂಥದ್ದು. ಮೂರು ಸ್ಪ್ರೂ (ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಕಡ್ಡಿ) ಚೌಕಟ್ಟಿನಲ್ಲಿ 58 ಪ್ಲಾಸ್ಟಿಕ್ ಭಾಗ, ಎರಡು ಪಾರದರ್ಶಕ ಭಾಗ, ರೆಸಿನ್‌ನಲ್ಲಿ ಒಂದು ಸೀಟು ಮತ್ತು ಎರಡು ಎಂಜಿನ್ ನಳಿಗೆ, ನೀರಲ್ಲಿ ನೆನೆಸಿ ಅಂಟಿಸುವ ಗುರುತುಗಳ ಒಂದು ಡೆಕಾಲ್ ಹಾಳೆ. ಸೂಚನೆ ಅಂತ ಇರುವುದು ಎರಡೇ ಪುಟ.

ಇನ್ನೂ ಒಂದು ಹನಿ ಅಂಟೂ ಹಾಕಿಲ್ಲ. ಟೇಪ್ ಸುತ್ತಿ ಜೋಡಿಸಿ ನೋಡಿದಾಗ ಕಂಡದ್ದು ಇಷ್ಟು:

ಒಡಲಿನ ಎರಡು ಹೋಳುಗಳಿಗೆ ಕೂರುವ ಗೂಟಗಳೇ ಇಲ್ಲ. ಬೆನ್ನಿನ ಮೇಲೆ, ಕ್ಯಾನಪಿಯ (ಪೈಲಟ್ ತಲೆಯ ಮೇಲಿನ ಗಾಜಿನ ಮುಚ್ಚಳ) ಹಿಂದೆ, ಒಂದು ಬದಿ ಮೇಲೆ ಒಂದು ಬದಿ ಕೆಳಗೆ ನಿಲ್ಲುತ್ತದೆ. ಬಲ ರೆಕ್ಕೆಯ ಬುಡ ಕೆಳಗಡೆ ಒಡಲಿಗೆ ತಾಗುತ್ತದೆ, ಮೇಲ್ಗಡೆ ಮಾತ್ರ 0.9 ಮಿ.ಮೀ. ಸಂದು. ಎಡಕ್ಕೆ 0.5. ಎರಡೂ ರೆಕ್ಕೆಗಳನ್ನು ಒತ್ತಿ ಹಿಡಿದರೆ ತುದಿಯಿಂದ ತುದಿಗೆ 123.5 ಮಿ.ಮೀ., ಉದ್ದ 220.5. ಬಾಲ ನೆಲಕ್ಕೆ ಊರದಂತೆ ಮೂಗಿಗೆ ಎಷ್ಟು ತೂಕ ಹಾಕಬೇಕು ಅಂತ ಸೂಚನೆಯಲ್ಲಿ ಒಂದು ಮಾತೂ ಇಲ್ಲ, ಆದರೆ ರೆಸಿನ್ ನಳಿಗೆಗಳು ಕೈಗೆ ಭಾರವಾಗಿಯೇ ಹತ್ತುತ್ತವೆ.

ಸಂದಿಗೆ ಪುಟ್ಟಿ ತುಂಬಿ ಮುಂದೆ ಹೋಗಲೇ, ಅಥವಾ ರೆಕ್ಕೆಯ ಬುಡವನ್ನು ಉಜ್ಜಿ ಕೂರಿಸಲೇ? ಯಾವುದು ಮೊದಲು, ಯಾವುದು ಆಮೇಲೆ?

ಅಳತೆಪಟ್ಟಿ

ಎರಡೂ ಈಗಲೇ ಬೇಡ. ಮೊದಲು ಲೆಕ್ಕ.

ನಿಜವಾದ ಮಾರುತ್ ಉದ್ದ 15.87 ಮೀಟರ್, ರೆಕ್ಕೆಯ ಹರವು 9 ಮೀಟರ್. 72ರಿಂದ ಭಾಗಿಸಿದರೆ 220.4 ಮಿ.ಮೀ. ಮತ್ತು 125 ಮಿ.ಮೀ. ಅಂದರೆ ನಿಮ್ಮ ಕಿಟ್‌ನ ಉದ್ದ ಕರಾರುವಾಕ್ಕಾಗಿದೆ. ಹೊಸ ತಯಾರಕರ ಮೊದಲ ಅಚ್ಚಿಗೆ ಇದು ಮೆಚ್ಚಬೇಕಾದ ಮಾತು. ಹರವಿನಲ್ಲಿ ಮಾತ್ರ 1.5 ಮಿ.ಮೀ. ಕಡಿಮೆ, ಒಂದೊಂದು ಬದಿಗೆ 0.75. ಬುಡವನ್ನು ಉಜ್ಜಿ ಕೂರಿಸಿದರೆ ಈಗಾಗಲೇ ಗಿಡ್ಡವಾದ ರೆಕ್ಕೆ ಇನ್ನೂ ಗಿಡ್ಡವಾಗುತ್ತದೆ. ನಿಮಗೆ ಬೇಕಾದದ್ದು ತೆಗೆಯುವುದಲ್ಲ, ಸೇರಿಸುವುದು.

ಒತ್ತಿ ಹಿಡಿದು ಅಂಟು ಹಾಕಿ ಸಂದು ಮುಚ್ಚುವ ಯೋಚನೆಯೂ ಬೇಡ. ಬುಡದ ದಪ್ಪ ಸುಮಾರು 4 ಮಿ.ಮೀ. ಅಂದುಕೊಳ್ಳಿ, ಒಡಲಿನಿಂದ ತುದಿವರೆಗೆ ರೆಕ್ಕೆ ಸುಮಾರು 50 ಮಿ.ಮೀ. ಕೆಳಗಿನ ಅಂಚು ತಿರುಗಣಿಯಾಗಿ ಮೇಲಿನ 0.9 ಮುಚ್ಚಿಕೊಂಡರೆ ತುದಿ 11 ಮಿ.ಮೀ. ಮೇಲೇಳುತ್ತದೆ. ವಿಮಾನ ಹದ್ದು ರೆಕ್ಕೆ ಎತ್ತಿದ ಹಾಗೆ ಕಾಣುತ್ತದೆ.

ಈಗ ಮುಖ್ಯವಾದದ್ದು. ಕೆಳಗೆ ತಾಗಿ ಮೇಲೆ ಬಿಟ್ಟುಕೊಂಡಿದೆ, ಅದೂ ಬಲಕ್ಕೆ ಹೆಚ್ಚು, ಎಡಕ್ಕೆ ಕಡಿಮೆ. ಇಂಥ ಸಂದಿನ ಮೂಲ ಬಹಳ ಸಲ ರೆಕ್ಕೆಯಲ್ಲಿ ಇರುವುದಿಲ್ಲ. ಒಡಲಿನೊಳಗೆ ಇಟ್ಟ ಯಾವುದೋ ಭಾಗ ಅಗಲವಾಗಿ, ಹೋಳುಗಳನ್ನು ಒಳಗಿನಿಂದ ತಳ್ಳಿ ಗೋಡೆಯನ್ನು ವಾಲಿಸಿರುತ್ತದೆ. ಗೋಡೆ ವಾಲಿದರೆ ರೆಕ್ಕೆ ಕೂರುವ ಮುಖದ ಕೋನವೇ ಬದಲಾಗುತ್ತದೆ. ನೀವು ಹೇಳಿದ ಬೆನ್ನಿನ ಏರುಪೇರೂ ಅದರದೇ ಗುರುತು ಇರಬಹುದು.

ಪರೀಕ್ಷೆ ಹೀಗೆ ಮಾಡಿ. ಒಳಗಿನ ಎಲ್ಲ ಭಾಗ ಹೊರಗೆ ತೆಗೆಯಿರಿ. ಖಾಲಿ ಒಡಲಿಗೆ ನಾಲ್ಕು ಕಡೆ ಟೇಪ್ ಹಾಕಿ ರೆಕ್ಕೆ ಹಿಡಿದು ಸಂದು ಅಳೆಯಿರಿ. ಆಮೇಲೆ ಒಂದೊಂದೇ ಭಾಗ ಸೇರಿಸುತ್ತಾ ಹೋಗಿ: ಮೊದಲು ಕಾಕ್‌ಪಿಟ್ ತೊಟ್ಟಿ, ನಂತರ ಮೂಗಿನ ಚಕ್ರದ ಗೂಡು, ನಂತರ ಗಾಳಿ ಸೇದುವ ಬಾಯಿಗಳ ಒಳತಟ್ಟೆ, ಕೊನೆಗೆ ನಳಿಗೆಗಳು. ಪ್ರತಿ ಸಲವೂ ಅಳೆದು ಬರೆದಿಡಿ. ಯಾವ ಭಾಗ ಸೇರಿಸಿದಾಗ ಅಂಕಿ ನೆಗೆಯುತ್ತದೋ ಕಳ್ಳ ಅದೇ. ಸಂದು ಅಳೆಯಲು ಮೆಕ್ಯಾನಿಕ್‌ಗಳು ಸ್ಪಾರ್ಕ್ ಪ್ಲಗ್‌ಗೆ ಬಳಸುವ ಫೀಲರ್ ಗೇಜ್ ಸಾಕು, ಆಟೋಮೊಬೈಲ್ ಅಂಗಡಿಯಲ್ಲಿ ಸಿಗುತ್ತದೆ.

ಸ್ಪ್ರೂಕತ್ತರಿ

ಅಳತೆಪಟ್ಟಿ ಅವರ ಮಾತಿಗೆ ನನ್ನ ಪೂರ್ತಿ ಸಹಮತ. ಅದರ ಹಿಂದುಮುಂದಿನ ಕೆಲಸ ನಾನು ಹೇಳುತ್ತೇನೆ.

ತೊಳೆಯುವುದು ಮೊದಲು. ಅಚ್ಚಿನಿಂದ ಬಿಡಿಸಲು ಹಚ್ಚಿದ ಎಣ್ಣೆ ಶಾರ್ಟ್ ರನ್ ಕಿಟ್‌ಗಳಲ್ಲಿ ಜಾಸ್ತಿ ಉಳಿದಿರುತ್ತದೆ. ಉಗುರುಬೆಚ್ಚನೆಯ ನೀರು, ಪಾತ್ರೆ ತೊಳೆಯುವ ದ್ರವ, ಹಳೆಯ ಟೂತ್‌ಬ್ರಷ್. ಬಿಸಿ ನೀರು ಬೇಡ, ತೆಳು ಭಾಗಗಳು ಸೊಟ್ಟಗಾಗುತ್ತವೆ. ರೆಸಿನ್ ಭಾಗಗಳನ್ನು ಬೇರೆಯಾಗಿ, ಎರಡು ಸಲ ತೊಳೆಯಿರಿ. ಈ ಎಣ್ಣೆ ಉಳಿದರೆ ಅಂಟು ಹಿಡಿದರೂ ಬಣ್ಣ ಹಿಡಿಯುವುದಿಲ್ಲ. ಮಾಸ್ಕಿಂಗ್ ಟೇಪ್ ಕೀಳುವಾಗ ಬಣ್ಣ ಹಾಳೆ ಹಾಳೆಯಾಗಿ ಎದ್ದು ಬರುವುದು ಇದರಿಂದಲೇ.

ಸ್ಪ್ರೂನಿಂದ ಬಿಡಿಸುವಾಗ ಒಂದೇ ಏಟಿಗೆ ಕತ್ತರಿಸಬೇಡಿ. ಈ ಕಿಟ್‌ಗಳಲ್ಲಿ ಭಾಗಕ್ಕೆ ಅಂಟಿದ ಗೇಟು ದಪ್ಪ, ಪ್ಲಾಸ್ಟಿಕ್ ಮೆತ್ತಗೆ. ಹತ್ತಿರದಿಂದ ಕತ್ತರಿಸಿದರೆ ಭಾಗದ ಮೈಯಿಂದಲೇ ಒಂದು ಚೂರು ಕಿತ್ತು ಬರುತ್ತದೆ. 3 ಮಿ.ಮೀ. ದೂರದಲ್ಲಿ ಒಂದು ಸಲ, ಆಮೇಲೆ 0.5 ಮಿ.ಮೀ. ಬಿಟ್ಟು ಇನ್ನೊಂದು ಸಲ, ಉಳಿದದ್ದನ್ನು ಅರದಿಂದ ತೆಗೆಯಿರಿ. ಗಾಳಿಯ ವೇಗ ಅಳೆಯುವ ಪಿಟೋ ಕೊಳವೆಯಂಥ ಸೂಕ್ಷ್ಮ ಭಾಗಗಳಿಗೆ ಕತ್ತರಿ ಬೇಡವೇ ಬೇಡ, ಸಣ್ಣ ಗರಗಸ.

ಒಡಲಿನ ಒಳಮೈಯಲ್ಲಿ ಅಚ್ಚಿನಿಂದ ತಳ್ಳಿದ ಗುಂಡನೆಯ ಗುಬ್ಬಿಗಳಿರುತ್ತವೆ. ಕೆಲವು 1 ಮಿ.ಮೀ. ಎತ್ತರ. ಅವನ್ನೆಲ್ಲ ಚಪ್ಪಟೆ ಮಾಡಿ. ತೊಟ್ಟಿ ಸರಿಯಾಗಿ ಕೂರದಿರಲು ಅರ್ಧ ಕಾರಣ ಇವೇ.

ಹೋಳುಗಳ ಅಂಚು ಸಮ ಮಾಡಲು ದಪ್ಪ ಗಾಜಿನ ಮೇಲೆ 400 ನಂಬರಿನ ವಾಟರ್ ಪೇಪರ್ ಅಂಟಿಸಿ, ಹೋಳನ್ನು ಇಂಗ್ಲಿಷಿನ 8ರ ಆಕಾರದಲ್ಲಿ ಆಡಿಸಿ. ಐದಾರು ಸುತ್ತು, ನೋಡಿ, ಮತ್ತೆ ಐದಾರು. ಅಂಚೆಲ್ಲ ಒಂದೇ ಸಮ ಮಂಕಾದ ಕೂಡಲೇ ನಿಲ್ಲಿಸಿ. ಒಂದೊಂದು ಹೋಳಿನಿಂದ 0.3 ಹೋದರೂ ಒಡಲು 0.6 ಕಿರಿದಾಗುತ್ತದೆ, ಆಗ ಕ್ಯಾನಪಿ ಎರಡೂ ಬದಿಗೆ ಹೊರಚಾಚಿಕೊಳ್ಳುತ್ತದೆ. ಪಾರದರ್ಶಕ ಭಾಗವನ್ನು ಉಜ್ಜಿ ಕಿರಿದು ಮಾಡುವ ದಾರಿ ಇಲ್ಲ.

ಗೂಟ ಇಲ್ಲದ್ದಕ್ಕೆ ನಾಲಗೆಗಳನ್ನು ನೀವೇ ಹಾಕಿ. 0.5 ಮಿ.ಮೀ. ಪ್ಲಾಸ್ಟಿಕ್ ಹಾಳೆಯಿಂದ 5 × 4 ಮಿ.ಮೀ. ತುಂಡು, ಅರ್ಧ ಒಳಗೆ ಅಂಟಿ ಅರ್ಧ ಹೊರಗೆ ಚಾಚಿರಬೇಕು. ಒಂದು ಬಲ ಹೋಳಿಗೆ, 20 ಮಿ.ಮೀ. ಬಿಟ್ಟು ಮುಂದಿನದು ಎಡ ಹೋಳಿಗೆ. ಎಲ್ಲವನ್ನೂ ಒಂದೇ ಹೋಳಿಗೆ ಹಾಕಿದರೆ ಬೆನ್ನಿನ ಏರುಪೇರು ಹಾಗೇ ಉಳಿಯುತ್ತದೆ, ಎದುರುಬದುರು ಹಾಕಿದಾಗಲೇ ಎರಡೂ ಅಂಚು ಒಂದು ಮಟ್ಟಕ್ಕೆ ಬರುವುದು. ಹಾಳೆ ಸಿಗದಿದ್ದರೆ ಇದೇ ಕಿಟ್‌ನ ಸ್ಪ್ರೂ ಮೇಲಿರುವ ಚಪ್ಪಟೆ ಹೆಸರುಪಟ್ಟಿ ಕತ್ತರಿಸಿ. ಹಳೆಯ ಎಟಿಎಂ ಕಾರ್ಡ್ ಬೇಡ, ಅದು ಪಿವಿಸಿ. ಪಾಲಿಸ್ಟೈರೀನ್‌ನ ತೆಳು ಅಂಟಿಗೆ ಅದು ಸರಿಯಾಗಿ ಬೆಸೆಯುವುದಿಲ್ಲ.

ಅಂಟು: ತಮಿಯಾ ಎಕ್ಸ್‌ಟ್ರಾ ಥಿನ್. ಬಾಲದ ಕಡೆಯಿಂದ ಶುರು ಮಾಡಿ ಒಂದು ಸಲಕ್ಕೆ 30 ಮಿ.ಮೀ. ಮಾತ್ರ. ಕುಂಚ ತಾಗಿಸಿ, ಅಂಟು ಸಂದಿನಲ್ಲಿ ಓಡಲಿ, ಹತ್ತು ಸೆಕೆಂಡ್ ಬಿಟ್ಟು ಒತ್ತಿ. ಕರಗಿದ ಪ್ಲಾಸ್ಟಿಕ್ ಕೂದಲೆಳೆಯಂತೆ ಹೊರಗೆ ಉಬ್ಬಿ ಬರಬೇಕು. ಆ ಎಳೆಯೇ ನಿಮ್ಮ ಪುಟ್ಟಿ. ಪೂರ್ತಿ 48 ಗಂಟೆ ಮುಟ್ಟಬೇಡಿ. ಮರುದಿನವೇ ಉಜ್ಜಿದರೆ ಆಗ ನುಣ್ಣಗೆ ಕಾಣುತ್ತದೆ, ಬಣ್ಣ ಬಳಿದ ಎರಡು ವಾರಕ್ಕೆ ಒಳಗಿನ ದ್ರಾವಕ ಆರಿ ಅದೇ ಜಾಗದಲ್ಲಿ ಸಣ್ಣ ಕಾಲುವೆ ಬೀಳುತ್ತದೆ.

ಸೀಸದಗುಂಡು

ತೂಕದ ಬಗ್ಗೆ. ಯಾರೋ ಹೇಳಿದ ಗ್ರಾಮ್ ಲೆಕ್ಕ ನಂಬಬೇಡಿ, ನಿಮ್ಮ ಕಿಟ್‌ನ ಪ್ಲಾಸ್ಟಿಕ್ ದಪ್ಪ ಬೇರೆ. ಒಡಲನ್ನು ಮುಚ್ಚುವ ಮೊದಲೇ ಹೀಗೆ ತೂಗಿ: ಒಡಲು, ರೆಕ್ಕೆ, ಬಾಲದ ರೆಕ್ಕೆಗಳು, ನಳಿಗೆ, ಚಕ್ರಗಳು ಎಲ್ಲವನ್ನೂ ಟೇಪ್‌ನಿಂದ ಅವುಗಳ ಜಾಗದಲ್ಲೇ ಕಟ್ಟಿ. ಹಿಂದಿನ ಎರಡು ಮುಖ್ಯ ಚಕ್ರಗಳ ಅಚ್ಚು ಬರುವ ಗೆರೆಯ ಕೆಳಗೆ ಒಂದು ಪೆನ್ಸಿಲ್ ಅಡ್ಡ ಇಡಿ. ಮೂಗಿನ ಮೇಲೆ ಸಣ್ಣ ಪ್ಲಾಸ್ಟಿಕ್ ಚೀಲ ಅಂಟಿಸಿ ಒಂದೊಂದೇ ಗುಂಡು ಹಾಕುತ್ತಾ ಹೋಗಿ. ಮೂಗು ಕೆಳಗೆ ಬಂದು ಅಲ್ಲೇ ನಿಂತಾಗ ಎಣಿಸಿ, ಅದರ ಮೇಲೆ ಕಾಲು ಭಾಗ ಸೇರಿಸಿ. ಬಣ್ಣ, ಪುಟ್ಟಿ, ರೆಕ್ಕೆಗೆ ತೂಗುವ ಟ್ಯಾಂಕ್‌ಗಳು ಆಮೇಲೆ ಬರುತ್ತವಲ್ಲ.

ಗುಂಡಿಗೆ ಸೈಕಲ್ ಅಂಗಡಿಯೇ ಸಾಕು. ಹಿಂದಿನ ಚಕ್ರದ ಹಬ್‌ಗೆ ಹಾಕುವ ಕಾಲು ಇಂಚಿನ ಉಕ್ಕಿನ ಗುಂಡು ಹೆಚ್ಚು ಕಡಿಮೆ 1 ಗ್ರಾಮ್. ಮುಂದಿನ ಚಕ್ರದ 3/16 ಇಂಚಿನದು ಸುಮಾರು 0.44 ಗ್ರಾಮ್. ತಕ್ಕಡಿಯೇ ಬೇಡ, ಎಣಿಸಿದರೆ ತೂಕ ಗೊತ್ತಾಯಿತು. ಮಾರುತ್‌ನ ಮೂಗು ಚೂಪು, ತುದಿಯಲ್ಲಿ ದೊಡ್ಡ ಗುಂಡು ಹಿಡಿಸುವುದಿಲ್ಲ. ತುದಿಗೆ ಸಣ್ಣವು, ಅದರ ಹಿಂದೆ ದೊಡ್ಡವು, ಆಮೇಲೂ ಬೇಕಾದರೆ ಕಾಕ್‌ಪಿಟ್ ನೆಲದ ಅಡಿ. ಮುಖ್ಯ ಚಕ್ರದಿಂದ 100 ಮಿ.ಮೀ. ಮುಂದೆ ಇಟ್ಟ 1 ಗ್ರಾಮ್ ಮಾಡುವ ಕೆಲಸಕ್ಕೆ 50 ಮಿ.ಮೀ. ಮುಂದೆ 2 ಗ್ರಾಮ್ ಬೇಕು, ಅದಕ್ಕೇ ತುದಿಯಿಂದ ತುಂಬುತ್ತಾ ಬನ್ನಿ.

ಗಾಳಕ್ಕೆ ಕಟ್ಟುವ ಸೀಸ ಬಳಸುವುದಾದರೆ ಒಂದು ಎಚ್ಚರಿಕೆ: ಫೆವಿಕಾಲ್‌ನಂಥ ಬಿಳಿ ಅಂಟಿನಲ್ಲಿ ಸೀಸವನ್ನು ಮುಳುಗಿಸಬೇಡಿ. ಆ ಅಂಟಿನಿಂದ ಬರುವ ಆಮ್ಲ ಸೀಸವನ್ನು ನಿಧಾನವಾಗಿ ಬಿಳಿ ಪುಡಿಯಾಗಿಸುತ್ತದೆ. ಪುಡಿ ಉಬ್ಬಿ, ಕಟ್ಟಿ ಮುಗಿಸಿ ವರ್ಷಗಳಾದ ಮೇಲೆ ಮೂಗು ಸೀಳುತ್ತದೆ. ಸೀಸವಾಗಲಿ ಉಕ್ಕಾಗಲಿ ಎಂ-ಸೀಲ್‌ನಂಥ ಎಪಾಕ್ಸಿಯಲ್ಲಿ ಕೂರಿಸಿ. ಸೀಸ ಮುಟ್ಟಿದ ಕೈ ತೊಳೆಯದೆ ಊಟಕ್ಕೆ ಕೂರಬೇಡಿ.

ತೂಕ ಹೆಚ್ಚಾದಷ್ಟೂ ಮೂಗಿನ ಚಕ್ರದ ಕಾಲಿಗೆ ಕಷ್ಟ. ಮೆತ್ತನೆಯ ಪ್ಲಾಸ್ಟಿಕ್ ಕಾಲು ಮೊದಮೊದಲು ನಿಲ್ಲುತ್ತದೆ, ಬೇಸಿಗೆಯ ಬಿಸಿಗೆ ವಾರೆಯಾಗುತ್ತದೆ. ಜೆಮ್ ಕ್ಲಿಪ್ ನೆಟ್ಟಗೆ ಮಾಡಿ ಕಾಲಿನ ಕಂಬವನ್ನಾಗಿ ಬಳಸಿ, ಕಿಟ್‌ನ ಚಕ್ರ ಮತ್ತು ಕವಲು ಮಾತ್ರ ಅದಕ್ಕೆ ಸೇರಿಸಿ. ಇನ್ನೊಂದು ದಾರಿ ಬಾಲವನ್ನೇ ಹಗುರ ಮಾಡುವುದು. ರೆಸಿನ್ ನಳಿಗೆಗಳನ್ನು ಹಿಂದಿನಿಂದ ಡ್ರಿಲ್ ಹಾಕಿ ಟೊಳ್ಳು ಮಾಡಿ. ಈ ಕೆಲಸದಲ್ಲಿ ಮಾಸ್ಕ್ ಕಡ್ಡಾಯ, ರೆಸಿನ್ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ಹಚ್ಚಿಕೊಂಡು ಉಜ್ಜಿ.

ಗಾಳಿಪಟ_72

ಅಳತೆಪಟ್ಟಿ ಅವರು ಹೇಳಿದ ಹಾಗೆ ಒಂದೊಂದೇ ಸೇರಿಸಿ ಅಳೆದೆ. ಖಾಲಿ ಒಡಲು: ಬಲ 0.3, ಎಡ 0.3. ತೊಟ್ಟಿ ಸೇರಿಸಿದರೆ 0.4, 0.3. ಚಕ್ರದ ಗೂಡು ಸೇರಿಸಿದರೆ ಬದಲಾವಣೆ ಇಲ್ಲ. ಗಾಳಿಬಾಯಿಯ ಒಳತಟ್ಟೆ ಸೇರಿಸಿದ ಕೂಡಲೇ 0.9, 0.5. ಬಲ ತಟ್ಟೆಯ ಹಿಂಭಾಗದಲ್ಲಿ ಎರಡು ಗುಬ್ಬಿ, ಅಚ್ಚಿನ ಜಂಟಿಯಲ್ಲಿ ಒಂದು ಏಣು. ಅದನ್ನೆಲ್ಲ ತೆಗೆದ ಮೇಲೆ ಎರಡೂ ಬದಿ 0.3ಕ್ಕೆ ಇಳಿದು, ಮೇಲೂ ಕೆಳಗೂ ಒಂದೇ ಸಮ ನಿಂತಿದೆ. ಬೆನ್ನಿನ ಏರುಪೇರೂ ಮುಕ್ಕಾಲು ಹೋಯಿತು. ಈ 0.3ಕ್ಕೆ ಪುಟ್ಟಿ ಸಾಕೇ?

ಅಳತೆಪಟ್ಟಿ

ಬೇಡ. ನಿಮ್ಮ ಹರವು ಇನ್ನೂ ಕಡಿಮೆಯೇ ಇದೆಯಲ್ಲ. ಎರಡೂ ಬುಡಕ್ಕೆ 0.75 ಮಿ.ಮೀ. ಚಕ್ಕೆ ಹಾಕಿ, ಅಂದರೆ 0.5 ಮತ್ತು 0.25ರ ಹಾಳೆ ಒಂದರ ಮೇಲೊಂದು. ಹಾಳೆಯನ್ನು ಬುಡದ ಆಕಾರಕ್ಕಿಂತ ಸ್ವಲ್ಪ ದೊಡ್ಡದಾಗಿ ಕತ್ತರಿಸಿ ರೆಕ್ಕೆಗೆ ಅಂಟಿಸಿ, ಒಂದು ದಿನ ಬಿಟ್ಟು ಅಂಚನ್ನು ರೆಕ್ಕೆಯ ಮಟ್ಟಕ್ಕೆ ಕೆತ್ತಿ. ಸಂದೂ ಮುಚ್ಚಿತು, ಹರವೂ 125ಕ್ಕೆ ಬಂತು. ಪುಟ್ಟಿ ಎಷ್ಟೇ ಚೆನ್ನಾಗಿ ತುಂಬಿದರೂ ರೆಕ್ಕೆ ಹಿಡಿದು ಎತ್ತಿದಾಗ ಬುಡ ಬಾಗಿ ಬಿರುಕು ಬಿಡುತ್ತದೆ. ಪ್ಲಾಸ್ಟಿಕ್‌ಗೆ ಪ್ಲಾಸ್ಟಿಕ್ ಬೆಸೆದರೆ ಬಿಡುವುದಿಲ್ಲ.

ರೆಕ್ಕೆ ಅಂಟಿಸುವಾಗ ಎದುರಿನಿಂದ ತೆಗೆದ ಫೋಟೋ ಪಕ್ಕದಲ್ಲಿರಲಿ. ಎರಡೂ ತುದಿ ಮೇಜಿನಿಂದ ಒಂದೇ ಎತ್ತರಕ್ಕೆ ನಿಲ್ಲುವಂತೆ ಬೆಂಕಿಪೆಟ್ಟಿಗೆ, ಇಸ್ಪೀಟು ಎಲೆ ಇಟ್ಟು ಆನಿಸಿ, ರಾತ್ರಿ ಪೂರ್ತಿ ಬಿಡಿ.

ಇನ್ನೊಂದು ವಿನಂತಿ. ಆ ಅಂಕಿಗಳನ್ನು ತಟ್ಟೆಯ ಫೋಟೋ ಸಮೇತ ತಯಾರಕರಿಗೆ ಕಳಿಸಿ. ಗುಬ್ಬಿಯ ಜಾಗ, ಏಣಿನ ಎತ್ತರ ಎರಡನ್ನೂ ಬರೆಯಿರಿ. ಅಚ್ಚಿನಲ್ಲಿ ಎತ್ತರ ತಗ್ಗಿಸುವುದು ಅವರಿಗೆ ಸಾಧ್ಯವಿರುವ ತಿದ್ದುಪಡಿ. "ಫಿಟ್ಟಿಂಗ್ ಸರಿ ಇಲ್ಲ" ಅಂತ ಬರೆದರೆ ಅವರು ಏನು ತಿದ್ದಬೇಕು? ಬೆಂಗಳೂರಿನಲ್ಲಿ ಹುಟ್ಟಿದ ವಿಮಾನ, ಜರ್ಮನ್ ವಿನ್ಯಾಸಕ ಕುರ್ಟ್ ಟ್ಯಾಂಕ್ ಮುಂದಾಳತ್ವದಲ್ಲಿ ಎಚ್‌ಎಎಲ್ ರೂಪಿಸಿದ್ದು, 1961ರ ಜೂನ್ 17ರಂದು ಮೊದಲು ಹಾರಿದ್ದು. ಅದರ ಕಿಟ್ ನಮ್ಮಲ್ಲೇ ಆಗುತ್ತಿದೆ ಅಂದಮೇಲೆ ಎರಡನೇ ಅಚ್ಚು ಮೊದಲನೆಯದಕ್ಕಿಂತ ಚೆನ್ನಾಗಿ ಬರಲೇಬೇಕು.

ಪ್ರೈಮರ್_ಬೂದು

ಉಳಿಯುವ ಕೂದಲಗೆರೆ ಸಂದುಗಳಿಗೆ, ನಮ್ಮಲ್ಲಿ ಸಿಗುವ ಸಾಮಾನಿನಲ್ಲಿ ಯಾವುದು ಎಲ್ಲಿಗೆ ಅಂತ ಹೇಳುತ್ತೇನೆ.

ಎಲ್ಲಕ್ಕಿಂತ ಒಳ್ಳೆಯದು ಕರಗಿಸಿದ ಸ್ಪ್ರೂ. ಅರ್ಧ ಖಾಲಿಯಾದ ಎಕ್ಸ್‌ಟ್ರಾ ಥಿನ್ ಬಾಟಲಿಗೆ ಇದೇ ಕಿಟ್‌ನ ಸ್ಪ್ರೂ ಚೂರು ಹಾಕಿ ಒಂದು ರಾತ್ರಿ ಇಟ್ಟರೆ ಜೇನಿನಷ್ಟು ಮಂದವಾಗುತ್ತದೆ. ಒಣಗಿದ ಮೇಲೆ ಗಡಸುತನ ಸುತ್ತಲ ಪ್ಲಾಸ್ಟಿಕ್‌ನಷ್ಟೇ ಇರುವುದರಿಂದ ಮೇಲೆ ಪ್ಯಾನೆಲ್ ಗೆರೆ (ವಿಮಾನದ ತಗಡುಗಳ ಜೋಡಣೆ ತೋರಿಸುವ ಗೆರೆ) ಕೊರೆಯಬಹುದು. ಆದರೆ ಒಣಗಲು ಎರಡು ಮೂರು ದಿನ.

ಅವಸರವಿದ್ದರೆ ಫೆವಿಕ್ವಿಕ್ ಮತ್ತು ಟಾಲ್ಕಮ್ ಪೌಡರ್, ಹೆಚ್ಚು ಕಡಿಮೆ ಸಮಪಾಲು, ಕಡ್ಡಿಯಲ್ಲಿ ಕಲಸಿ ಹಚ್ಚಿ. ಕುಗ್ಗುವುದಿಲ್ಲ. ಒಂದು ಗಂಟೆಯೊಳಗೆ ಉಜ್ಜಿ ಮುಗಿಸಿ. ಮರುದಿನಕ್ಕೆ ಬಿಟ್ಟರೆ ಅದು ಪ್ಲಾಸ್ಟಿಕ್‌ಗಿಂತ ಗಟ್ಟಿಯಾಗಿ, ಉಜ್ಜುವಾಗ ಅಕ್ಕಪಕ್ಕದ ಪ್ಲಾಸ್ಟಿಕ್ ಸವೆದು ಪುಟ್ಟಿ ದಿಣ್ಣೆಯಾಗಿ ನಿಲ್ಲುತ್ತದೆ. ಅದರ ಮೇಲೆ ಗೆರೆ ಕೊರೆಯಲು ಹೋದರೆ ಸೂಜಿ ಜಾರುತ್ತದೆ.

ಕಾರ್ ಪೇಂಟರ್‌ಗಳ ಎನ್‌ಸಿ ಪುಟ್ಟಿ ಅಗ್ಗ, ಎಲ್ಲೆಲ್ಲೂ ಸಿಗುತ್ತದೆ. ಅದರ ದ್ರಾವಕ ಪಾಲಿಸ್ಟೈರೀನ್ ತಿನ್ನುತ್ತದೆ. ದಪ್ಪ ಒಡಲಿನ ಮೇಲೆ ತೆಳುವಾಗಿ, ಎರಡು ಮೂರು ಸಲ ಹಚ್ಚಿದರೆ ಪರವಾಗಿಲ್ಲ. ರೆಕ್ಕೆಯ ಹಿಂದಿನ ಅಂಚಿನಂಥ ತೆಳು ಜಾಗಕ್ಕೆ ಹಚ್ಚಿದರೆ ಅಂಚು ಮೆತ್ತಗಾಗಿ ಅಲೆಯಾಗುತ್ತದೆ. ಎಂ-ಸೀಲ್ ತೂಕ ಕೂರಿಸಲು ಸರಿ, ಹೊರಮೈಗೆ ಒರಟು.

ಉಜ್ಜುವಾಗ 400, 600, 1000 ಹೀಗೆ ಏರುತ್ತಾ ಹೋಗಿ, ನೀರು ಹಚ್ಚಿಕೊಂಡೇ. ನಂತರ ಬೂದು ಪ್ರೈಮರ್: ಮಿಸ್ಟರ್ ಸರ್ಫೇಸರ್ 1000 ಇದ್ದರೆ ಅದು, ಇಲ್ಲದಿದ್ದರೆ ಹಾರ್ಡ್‌ವೇರ್ ಅಂಗಡಿಯ ಸ್ಪ್ರೇ ಪ್ರೈಮರ್ ಅನ್ನು ಮೊದಲು ಬೇಡದ ಸ್ಪ್ರೂ ಮೇಲೆ ಹೊಡೆದು ನೋಡಿ, 25 ರಿಂದ 30 ಸೆಂ.ಮೀ. ದೂರದಿಂದ ತೆಳುವಾಗಿ. ಹತ್ತಿರದಿಂದ ಹಸಿಯಾಗಿ ಹೊಡೆದರೆ ಮೈ ಬಿರಿಯುತ್ತದೆ. ಮಳೆ ಹಿಡಿದ ದಿನ ಲ್ಯಾಕರ್ ಹೊಡೆಯಬೇಡಿ, ಗಾಳಿಯ ತೇವ ಸೇರಿ ಬಣ್ಣದ ಮೇಲೆ ಬಿಳಿ ಮಂಜು ಕೂರುತ್ತದೆ. ಮಂಗಳೂರು, ಮಡಿಕೇರಿ ಕಡೆಯವರಿಗೆ ಜೂನ್‌ನಿಂದ ಸೆಪ್ಟೆಂಬರ್ ಉಜ್ಜುವ ತಿಂಗಳು, ಬಣ್ಣದ ತಿಂಗಳಲ್ಲ.

ಪ್ರೈಮರ್ ಆದಮೇಲೆ ಮೂಗಿನ ನಾಲ್ಕು ಫಿರಂಗಿ ಬಾಯಿಗಳನ್ನು ನೋಡಿ. ಅವು 30 ಮಿ.ಮೀ. ಏಡನ್ ಫಿರಂಗಿಗಳು, 1:72ರಲ್ಲಿ ನಳಿಗೆಯ ತೂತು 0.42 ಮಿ.ಮೀ. ಆಗುತ್ತದೆ. 0.4ರ ಡ್ರಿಲ್ ಬಿಟ್ ಕೈಯಲ್ಲೇ ತಿರುಗಿಸಿ, ಮೊದಲು ಸೂಜಿಯಿಂದ ಚುಚ್ಚಿ ಗುರುತು ಮಾಡಿಕೊಳ್ಳಿ. ಈ ನಾಲ್ಕು ಚುಕ್ಕಿ ಇಡೀ ಮುಖಕ್ಕೆ ಜೀವ ತರುತ್ತವೆ.

ಬಾಲಚಿಹ್ನೆ

ಡೆಕಾಲ್ ಬಗ್ಗೆ ನನ್ನದೊಂದಿಷ್ಟು. ಹೊಸ ತಯಾರಕರ ಹಾಳೆಯನ್ನು ನೇರವಾಗಿ ನೀರಿಗೆ ಹಾಕಬೇಡಿ. ಬೇಡದ ಒಂದು ತುಂಡು ಕತ್ತರಿಸಿ ಉಗುರುಬೆಚ್ಚನೆ ನೀರಲ್ಲಿ 30 ಸೆಕೆಂಡ್ ಬಿಟ್ಟು ನೋಡಿ. ಚೂರುಚೂರಾದರೆ ಇಡೀ ಹಾಳೆಗೆ ಹೊಳಪಿನ ವಾರ್ನಿಷ್ ಹೊಡೆದು ಒಣಗಿಸಿ. ಆಗ ಹಾಳೆಯೆಲ್ಲ ಒಂದೇ ಪೊರೆಯಾಗುವುದರಿಂದ ಪ್ರತಿ ಚಿಹ್ನೆಯನ್ನೂ ಅಂಚಿಗೆ ಹತ್ತಿರವಾಗಿ ಕತ್ತರಿಸಿಕೊಳ್ಳಬೇಕು.

ವಾಯುಪಡೆಯ ವೃತ್ತಚಿಹ್ನೆಯಲ್ಲಿ ಹೊರಗೆ ಹಸಿರು, ನಡುವೆ ಬಿಳಿ, ಒಳಗೆ ಕೇಸರಿ. ಅಗ್ಗದ ಮುದ್ರಣದಲ್ಲಿ ಬಿಳಿ ತೆಳುವಾಗಿದ್ದು, ಕ್ಯಾಮೊಫ್ಲಾಜ್ ಹಸಿರಿನ ಮೇಲೆ ಹಾಕಿದಾಗ ಕೇಸರಿ ಕಂದು ಬಣ್ಣವಾಗಿ ಕಾಣುತ್ತದೆ. ಪರಿಹಾರ: ವೃತ್ತಕ್ಕಿಂತ 0.5 ಮಿ.ಮೀ. ಚಿಕ್ಕದಾದ ಬಿಳಿ ಬಿಲ್ಲೆಯನ್ನು ಮೊದಲು ಬಣ್ಣದಲ್ಲಿ ಹೊಡೆದು ಅದರ ಮೇಲೆ ಡೆಕಾಲ್. ಮ್ಯಾಟ್ ಮೈಮೇಲೆ ಹಾಕಿದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಿ ಹೊಳಪು ಬರುತ್ತದೆ, ಅದಕ್ಕೇ ಮೊದಲು ಹೊಳಪಿನ ವಾರ್ನಿಷ್, ಆಮೇಲೆ ಡೆಕಾಲ್ ಹಿಡಿಸುವ ದ್ರವ ಮೈಕ್ರೋ ಸೆಟ್, ಕೂತ ಮೇಲೆ ಅದನ್ನು ಮೆತ್ತಗೆ ಮಾಡುವ ಮೈಕ್ರೋ ಸಾಲ್. ಸಾಲ್ ಹಚ್ಚಿದಾಗ ಡೆಕಾಲ್ ಸುಕ್ಕುಗಟ್ಟುತ್ತದೆ. ಗಾಬರಿಯಾಗಿ ಮುಟ್ಟಬೇಡಿ, ತಾನೇ ಇಳಿಯುತ್ತದೆ. ಬಾಲದ ಮೂರು ಪಟ್ಟೆ ಎಡ ಬಲ ಎರಡೂ ಬದಿಗೆ ಒಂದೇ ಮುದ್ರಣ ಕೊಟ್ಟಿದ್ದರೆ ಒಂದನ್ನು ತಿರುಗಿಸಿ ಹಾಕಿ: ಎಡಬದಿಯಲ್ಲಿ ಮುಂದಿರುವ ಬಣ್ಣ ಬಲಬದಿಯಲ್ಲೂ ಮುಂದೆಯೇ ಇರಬೇಕು.

ಗುರುತುಗಳನ್ನು ಬೆರೆಸಬೇಡಿ. 1971ರ ಯುದ್ಧದಲ್ಲಿ ಮಾರುತ್ ಹಾರಿಸಿದ್ದು 10 ಮತ್ತು 220ನೇ ಸ್ಕ್ವಾಡ್ರನ್‌ಗಳು. 31ನೆಯದಕ್ಕೆ ಮಾರುತ್ ಬಂದದ್ದು ಯುದ್ಧದ ನಂತರ, ಯುದ್ಧದ ವೇಳೆ ಅವರು ಫ್ರೆಂಚ್ ವಿಮಾನ ಮಿಸ್ಟೇರ್ ಹಾರಿಸುತ್ತಿದ್ದರು. ಆದ್ದರಿಂದ 31ರ ಲಾಂಛನ ಹಾಕಿ ಕೆಳಗೆ 1971 ಅಂತ ಬರೆಯಬೇಡಿ. ಒಂದೇ ವಿಮಾನದ ಒಂದು ಹಳೆಯ ಫೋಟೋ ಆರಿಸಿಕೊಂಡು ಅದನ್ನೇ ಹಿಂಬಾಲಿಸುವುದು ಸುರಕ್ಷಿತ.

ಆಕಾರಕ್ಕೆ, ಗೆರೆಗಳಿಗೆ, ಚಕ್ರದ ಗೂಡಿಗೆ ಬೆಂಗಳೂರಿನಲ್ಲೇ ನಿಜವಾದ ಮಾರುತ್ ಇದೆ: ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ, ಎಚ್‌ಎಎಲ್ ಸಂಗ್ರಹಾಲಯ. ಗಾಳಿಬಾಯಿಯ ಅರ್ಧ ಶಂಕು ಒಡಲಿನಿಂದ ಎಷ್ಟು ದೂರ ನಿಂತಿದೆ ಅಂತ ಮುಂದಿನಿಂದಲೂ ಪಕ್ಕದಿಂದಲೂ ಫೋಟೋ ತೆಗೆದುಕೊಳ್ಳಿ, ಕಿಟ್‌ಗಳಲ್ಲಿ ತಪ್ಪುವುದು ಅಲ್ಲೇ. ಬಣ್ಣಕ್ಕೆ ಮಾತ್ರ ಅವನ್ನು ನಂಬಬೇಡಿ, ಬಯಲಲ್ಲಿ ನಿಂತ ವಿಮಾನಗಳಿಗೆ ಮತ್ತೆ ಮತ್ತೆ ಬಣ್ಣ ಬಳಿದಿರುತ್ತಾರೆ.

ಗಾಳಿಪಟ_72

ಎಲ್ಲರಿಗೂ ಧನ್ಯವಾದ. ಚಕ್ಕೆ ಅಂಟಿಸಿದ್ದೇನೆ, ಟೇಪ್ ಹಾಕಿ ಅಳೆದರೆ 125. ತಯಾರಕರಿಗೆ ಅಳತೆ ಕಳಿಸಿದ್ದೇನೆ. ಕೊನೆಯ ಪ್ರಶ್ನೆ: ಕ್ಯಾನಪಿ ಯಾವಾಗ, ಯಾವ ಅಂಟಿನಲ್ಲಿ?

ಸ್ಪ್ರೂಕತ್ತರಿ

ಮುಂದಿನ ಗಾಜು ಬಣ್ಣಕ್ಕೆ ಮೊದಲು, ತೆರೆಯುವ ಭಾಗ ಎಲ್ಲ ಮುಗಿದ ಮೇಲೆ. ಎರಡಕ್ಕೂ ಫೆವಿಕಾಲ್, ಕಡ್ಡಿಯ ತುದಿಯಲ್ಲಿ. ಹೆಚ್ಚಾದದ್ದನ್ನು ಒದ್ದೆ ಕುಂಚದಿಂದ ಒರೆಸಿ, ಒಣಗಿದರೆ ಕಾಣುವುದಿಲ್ಲ. ಫೆವಿಕ್ವಿಕ್ ಹತ್ತಿರವೂ ತರಬೇಡಿ, ಅದರ ಆವಿಯೇ ಗಾಜಿನ ಒಳಗೆ ಬಿಳಿ ಮಂಜು ಹಿಡಿಸುತ್ತದೆ. ಒಡಲೊಳಗೆ ಎಲ್ಲಾದರೂ ಫೆವಿಕ್ವಿಕ್ ಬಳಸಿದ್ದರೆ ಎರಡು ದಿನ ಗಾಳಿಯಾಡಲು ಬಿಟ್ಟು ಆಮೇಲೆ ಕ್ಯಾನಪಿ ಮುಚ್ಚಿ. ಮುಂದಿನ ಗಾಜು ಕೂರಿಸುವ ಮೊದಲು ತೊಟ್ಟಿಯಲ್ಲಿ ಉಜ್ಜಿದ ಧೂಳು ಉಳಿದಿದೆಯೇ ಅಂತ ಟಾರ್ಚ್ ಹಾಕಿ ನೋಡಿ, ಒಮ್ಮೆ ಮುಚ್ಚಿದರೆ ಅದು ಅಲ್ಲೇ.